ಲೈಸೆನ್ಸ್ ಮಾವಶಿ

ಬಾಲಗಾಂವದಲ್ಲಿ ಹುಟ್ಟಿ ಸನಮಡಿಗೆ ಸೊಸೆಯಾಗಿ ಬಂದ ಶಿವಲಿಂಗವ್ವನಿಗೆ ಈಗ ನಲವತ್ತೇಳು ವರ್ಷ. ಮಹಾರಾಷ್ಟ್ರದ ಜತ್ತ ತಾಲೂಕಿನ ಒಂದು ಖಾಸಗಿ ಪಾಲಿಟೆಕ್ನಿಕ್‌ನಲ್ಲಿ ಅವಳು ಕಂಪ್ಯೂಟರ್ ಲ್ಯಾಬಿನ ಸಹಾಯಕಿ. ಆದರೆ ಆ ಹೆಸರು ಪಗಾರದ ಹಾಳೆಯಲ್ಲಿ ಮಾತ್ರ. ಪ್ರಾಚಾರ್ಯರಿಂದ ಹಿಡಿದು ಮೊದಲ ವರ್ಷದ ಹುಡುಗಿಯರವರೆಗೆ ಎಲ್ಲರೂ ಕರೆಯುವುದು ಮಾವಶಿ ಎಂದೇ. ಆ ಕಡೆಯ ಶಾಲೆ ಕಾಲೇಜುಗಳಲ್ಲಿ ಕಸ ಗುಡಿಸಿ ನೀರು ತುಂಬುವ ಹೆಂಗಸರನ್ನು ಹಾಗೆ ಕರೆಯುತ್ತಾರೆ. ಅವಳು ಕೆಲಸ ಶುರುಮಾಡಿದ್ದೂ ಕಸಬರಿಗೆಯಿಂದಲೇ.

ಮೇಜಿನ ಕೆಳಗೆ ಗುಡಿಸುತ್ತ ಗುಡಿಸುತ್ತ ಮೇಜಿನ ಮೇಲಿನದನ್ನು ನೋಡಿ ಕಲಿತವಳು ಅವಳು. ಕನ್ನಡ ಶಾಲೆಯಲ್ಲಿ ಹತ್ತನೆಯವರೆಗೆ ಓದಿದ್ದಳು, ಇಂಗ್ಲಿಷ್ ಕುಂಟುತ್ತಿತ್ತು. ಸರ್ವರ್ ಕೂಡಿಸಲು ಬಂದವರು ಬಿಟ್ಟುಹೋದ ದಪ್ಪ ಕೈಪಿಡಿಯೊಂದನ್ನು ಮನೆಗೆ ಒಯ್ದಳು. ಗಂಡ ಸಿದರಾಯ ಅದರ ಹಾಳೆ ಹರಿದು ಕಪಾಟಿಗೆ ಹಾಸಲು ಹೊರಟಾಗ ಕಸಿದುಕೊಂಡು, ನಿಘಂಟು ಪಕ್ಕಕ್ಕಿಟ್ಟುಕೊಂಡು ಎರಡು ವರ್ಷ ಓದಿದಳು. ಆಮೇಲೆ ಲ್ಯಾಬಿನಲ್ಲಿ ಏನೇ ಕೆಟ್ಟರೂ ಸಾಂಗಲಿಯಿಂದ ಮನುಷ್ಯ ಬರುವವರೆಗೆ ಕಾಯುವ ಕೆಲಸ ಉಳಿಯಲಿಲ್ಲ.

ಕಲಿತದ್ದರ ಜೊತೆ ಕಿತಾಪತಿಯೂ ಬೆಳೆಯಿತು. ಕಚೇರಿಯ ಕಾರಕೂನ ದಿನಾ ತಡವಾಗಿ ಬರುತ್ತಿದ್ದ. ಅವನ ಕಂಪ್ಯೂಟರಿನ ಗಡಿಯಾರವನ್ನು ಅವಳು ನಲವತ್ತು ನಿಮಿಷ ಮುಂದಕ್ಕೆ ತಿರುಗಿಸಿಟ್ಟಳು. ತಾನು ಅಂದುಕೊಂಡದ್ದಕ್ಕಿಂತಲೂ ತಡವಾಗಿದೆಯೆಂದು ಗಾಬರಿಯಾದ ಆತ ಒಂದು ತಿಂಗಳು ಹೊತ್ತಿಗೆ ಸರಿಯಾಗಿ ಬಂದ. ಯಾಕೆಂದು ಇವತ್ತಿಗೂ ಅವನಿಗೆ ಗೊತ್ತಿಲ್ಲ.

ಲ್ಯಾಬಿನಲ್ಲಿ ಇಪ್ಪತ್ತೈದು ಕಂಪ್ಯೂಟರ್. ಮನೆ, ಸೇತುವೆಗಳ ನಕ್ಷೆ ಬರೆಯುವ ತಂತ್ರಾಂಶ ಎಲ್ಲದರಲ್ಲೂ ಇತ್ತು, ಲೈಸೆನ್ಸ್ ಮಾತ್ರ ಮೂಲೆಯ ಸರ್ವರಿನಲ್ಲಿ. ಎರಡನೇ ವರ್ಷದ ಕಾಜಲ ಒಮ್ಮೆ ಇದೇನು ಎಂದು ಕೇಳಿದಾಗ ಶಿವಲಿಂಗವ್ವ ಹೇಳಿದ್ದಳು: "ಊರಾಗ ಮದವಿಗೆ ಕೊಡು ಅಡಗಿ ಭಾಂಡೆ ಇರ್ತಾವಲ್ಲ, ಹಂಗ. ಬೇಕಾದಾಗ ಒಂದು ಒಯ್ಯೂದು, ಕೆಲಸ ಮುಗದ ಮ್ಯಾಲ ತಂದಿಡೂದು. ಎಲ್ಲಾ ಹೊರಗ ಹೋಗಿದ್ವು ಅಂದ್ರ ನೀ ಕಾಯಬೇಕು."

ಜೂನ್ ಕೊನೆಗೆ ಹಳೆಯ ಲೈಸೆನ್ಸುಗಳ ಮುದ್ದತು ಮುಗಿಯಿತು. ಕಾಲೇಜು ಹೊಸದಾಗಿ ಇಪ್ಪತ್ತೈದು ಕೊಂಡಿತು. ಮಾರಿದ ಕಂಪನಿಯ ಹುಡುಗ ಬಂದು ಸರ್ವರಿನ ಕಡತದಲ್ಲಿ ಹೊಸವನ್ನು ಹಳೆಯವುಗಳ ಕೆಳಗೆ ಸೇರಿಸಿ ಅವಸರದಲ್ಲಿ ಹೋದ. ಮರುದಿನ ಒಂದು ಕಂಪ್ಯೂಟರೂ ನಕ್ಷೆ ತೆರೆಯಲಿಲ್ಲ, ಎಲ್ಲವೂ 'ಮುದ್ದತು ಮುಗಿದಿದೆ' ಎಂದೇ ಹೇಳಿದವು.

ನಕ್ಷೆ ವಿಭಾಗದ ಮುಖ್ಯಸ್ಥ ಪಂಡಿತ ಸರ ವಿದ್ಯಾರ್ಥಿಗಳ ಎದುರಿಗೇ ಅಂದರು: "ಮಾವಶಿ ಕಸಾ ಹೊಡಿಯೂವಾಗ ವಾಯರ್ ಕಿತ್ತಿರಬೇಕು. ಆಕಿ ಕೈಯಾಗ ಕಸಬರಗಿ ಇರಬೇಕ ಹೊರತು ಸರ್ವರ್ ಅಲ್ಲ."

ಹುಡುಗರು ನಕ್ಕರು. ಶಿವಲಿಂಗವ್ವನೂ ನಕ್ಕಳು. ನಗುತ್ತಲೇ ಸರ್ವರಿನ ಮುಂದೆ ಕೂತು ಕಡತ ತೆರೆದಳು. ಸತ್ತ ಲೈಸೆನ್ಸುಗಳು ಮೇಲೆ, ಜೀವಂತವಿದ್ದವು ಕೆಳಗೆ. ಸರ್ವರ್ ಮೇಲಿನವನ್ನೇ ಎತ್ತಿ ಕೊಡುತ್ತಿತ್ತು. ಹೊಸವನ್ನು ಮೇಲಕ್ಕೆ ತಂದಳು. ಹಳೆಯವನ್ನು ಅಳಿಸಲು ಮನಸ್ಸು ಬರದೆ ತಳದಲ್ಲಿ ಬಿಟ್ಟಳು. ಚಹದ ಹೊತ್ತಿಗೆ ಎಲ್ಲ ಸರಿಹೋಯಿತು.

ಎರಡು ವಾರ ಸಣ್ಣ ತಂಡಗಳಲ್ಲಿ ಪಾಠ ನಡೆದಿದ್ದರಿಂದ ಯಾರಿಗೂ ತೊಂದರೆಯಾಗಲಿಲ್ಲ. ಪ್ರಾಯೋಗಿಕ ಪರೀಕ್ಷೆಗೆ ಹತ್ತು ದಿನ ಇದ್ದಾಗ ಇಡೀ ತರಗತಿ, ಇಪ್ಪತ್ತೈದೂ ಜನ, ಒಟ್ಟಿಗೆ ಅಭ್ಯಾಸಕ್ಕೆ ಬಂದರು. ಮೂರು ಕಂಪ್ಯೂಟರ್ ಕೆಟ್ಟಿದ್ದವು, ಆ ಮೂವರು ಗೆಳೆಯರ ಪಕ್ಕ ಕುರ್ಚಿ ಎಳೆದುಕೊಂಡರು. ಉಳಿದ ಇಪ್ಪತ್ತೆರಡರಲ್ಲಿ ಹತ್ತೊಂಬತ್ತು ತೆರೆದವು. ಕಾಜಲಳದ್ದೂ ಸೇರಿ ಮೂರು, 'ಎಲ್ಲ ಲೈಸೆನ್ಸ್ ಬಳಕೆಯಲ್ಲಿವೆ' ಎಂದು ಬಾಗಿಲು ಹಾಕಿಕೊಂಡವು.

"ಮಾವಶಿ, ನಮ್ಮ ಭಾಂಡೆ ಎಲ್ಲಿಗೆ ಹೋದ್ವು?" ಎಂದಳು ಕಾಜಲ.

ಶಿವಲಿಂಗವ್ವ ಪಟ್ಟಿ ತೆಗೆದು ನೋಡಿದಳು. ಲ್ಯಾಬಿನದಲ್ಲದ ಆರು ಲ್ಯಾಪ್‌ಟಾಪ್‌ಗಳು ಇಪ್ಪತ್ತು ದಿನದ ಮಟ್ಟಿಗೆ ಲೈಸೆನ್ಸ್ ಕಡ ಒಯ್ದಿದ್ದವು. ಅವುಗಳ ಹೆಸರು ಈಶ್ವರ ಒಂದು, ಈಶ್ವರ ಎರಡು, ಹೀಗೆ ಆರರವರೆಗೆ. ಒಪ್ಪಿಗೆ ಕೊಟ್ಟ ಖಾತೆ ಪಂಡಿತ ಸರ ಅವರದು. ವಿಜಯಪುರದಲ್ಲಿ ಮನೆ ನಕ್ಷೆ ಮಾಡಿಕೊಡುವ ಅಂಗಡಿ ಇಟ್ಟಿದ್ದ ಅವರ ಹೆಂಡತಿಯ ತಮ್ಮನ ಹೆಸರು ಈಶ್ವರ ಎಂಬುದು ಕಾಲೇಜಿಗೆಲ್ಲ ಗೊತ್ತಿತ್ತು. ಮಕ್ಕಳ ಕಲಿಕೆಗೆಂದು ಕೊಂಡದ್ದು ಅಲ್ಲಿ ಅಂಗಡಿ ನಡೆಸುತ್ತಿತ್ತು.

ದೂರು ಕೊಡಬಹುದಿತ್ತು. ಆದರೆ ಪಂಡಿತ ಸರ ಸಂಸ್ಥೆಯ ಅಧ್ಯಕ್ಷರ ಬೀಗರು. ದೂರು ಯಾರ ತಲೆಯ ಮೇಲೆ ತಿರುಗಿ ಬೀಳುತ್ತದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಅವಳು ದೂರು ಬರೆಯಲಿಲ್ಲ, ಸರ್ವರಿನ ಕಡತದಲ್ಲಿ ಒಂದೇ ಒಂದು ಸಾಲು ಬರೆದಳು: ಈ ಆರು ಯಂತ್ರಗಳಿಗೆ ಹೊಸ ಲೈಸೆನ್ಸ್ ಕೊಡಬೇಡ. ಹೊಸದೆಲ್ಲ ಹೊರಗೆ ಹೋಗಿದ್ದರೆ ಸರ್ವರ್ ಕಾಯಲು ಹೇಳುತ್ತದೆ, ಹೊಸದನ್ನು ಕೊಡಲೇಬಾರದೆಂದಿದ್ದರೆ ತಳಕ್ಕೆ ಕೈಹಾಕಿ ಹಳೆಯದನ್ನು ಕೊಡುತ್ತದೆ. ಸತ್ತದ್ದಕ್ಕೂ ಒಂದು ಕೆಲಸ ಸಿಕ್ಕಿತು ಎಂದು ಅವಳಿಗೆ ನಗು ತಡೆಯಲಾಗಲಿಲ್ಲ.

ಐದು ದಿನಕ್ಕೆ ಕಡದ ಅವಧಿ ಮುಗಿಯಿತು. ವಿಜಯಪುರದಿಂದಲೇ ಆರೂ ಲ್ಯಾಪ್‌ಟಾಪ್ ಇಂಟರ್ನೆಟ್ಟಿನಲ್ಲಿ ಮತ್ತೆ ಲೈಸೆನ್ಸ್ ಕೇಳಿದವು, ಆರಕ್ಕೂ ಒಂದೇ ಉತ್ತರ: ಮುದ್ದತು ಜೂನ್ ಮೂವತ್ತಕ್ಕೆ ಮುಗಿದಿದೆ. ಅದೇ ಮಧ್ಯಾಹ್ನ ಪಂಡಿತ ಸರ ಲ್ಯಾಬಿಗೆ ಬಂದು ಕಿಟಕಿ ನೋಡುತ್ತ ನಿಂತರು.

"ಸರ್ವರ್ ಚಲೋ ಐತಿಲ್ಲೊ ಮಾವಶಿ?"

"ಭಾಳ ಚಲೋ ಐತ್ರಿ ಸರ. ಯಾಕ್ರಿ, ನಿಮ್ಮ ಮಶೀನ್ ನಡೀವಲ್ದೇನ್ರಿ?"

"ನಂದು ನಡದೈತಿ. ಸುಮ್ನ ಕೇಳಿದ್ನಿ. ಒಂದ ವ್ಯಾಳೆ ಯಾರದರ ಮಶೀನಿನಾಗ ಮುದ್ದತು ಮುಗದೈತಿ ಅಂತ ಬಂತು ಅಂದ್ರ?"

"ಯಾರ ಮಶೀನ್‌ರಿ?"

"ಯಾರದೂ ಅಲ್ಲ."

"ಹಂಗಾರ ಯಾರಿಗೂ ತ್ರಾಸ ಇಲ್ಲ ಬಿಡ್ರಿ" ಎಂದು ಅವಳು ಮತ್ತೆ ಧೂಳು ಒರೆಸತೊಡಗಿದಳು.

ಮರುದಿನ ಇನ್ನೊಂದು ಸುತ್ತು. ಈ ಸಲ ಅವಳು ಒಂದು ನೋಟುಪುಸ್ತಕ ಮುಂದಿಟ್ಟು ಅತಿ ವಿನಯದಿಂದ ಹೇಳಿದಳು: "ಮಶೀನಿನ ಹೆಸರು, ಯಾವ ಖೋಲಿ ಅಂತ ಬರದು ಪ್ರಾಚಾರ್ಯರ ಸಹಿ ಹಾಕಿಸ್ಕೊಂಡ ಬರ್ರಿ ಸರ. ಲಗೂನ ಮಾಡಿ ಕೊಡ್ತೀನಿ." ಪಂಡಿತ ಸರ ಪೆನ್ನು ತೆಗೆದರು, ಕೋಣೆಯ ಹೆಸರು ಬರೆಯುವ ಅಂಕಣವನ್ನು ಬಹಳ ಹೊತ್ತು ನೋಡಿದರು, ಪೆನ್ನು ಜೇಬಿಗಿಟ್ಟುಕೊಂಡು ಹೋದರು.

ಪರೀಕ್ಷೆಗೆ ಎರಡು ದಿನವಿದ್ದಾಗ ಲ್ಯಾಬಿನ ಬಾಗಿಲಲ್ಲಿ ದೊಡ್ಡ ಚೀಲ ಹೊತ್ತ ತರುಣನೊಬ್ಬ ಕಾಣಿಸಿಕೊಂಡ. ಗಿರಾಕಿಗಳ ಕಾಟ ತಾಳಲಾರದೆ ಮೋಟಾರ್ ಸೈಕಲ್ ಮೇಲೆ ಬಂದಿದ್ದ.

"ನಾ ಪಂಡಿತ ಸರ ಅವರ ಮೇವಣ, ಈಶ್ವರ. ಸರ್ವರ್ ಎಲ್ಲೈತ್ರಿ ಅಕ್ಕಾರ? ಇಲ್ಲೊಬ್ಬಾಕಿ ಮಾವಶಿ ಅದಾಳಂತ, ಆಕಿಗೇನೂ ತಿಳಿಯೂದಿಲ್ಲ, ನೀ ಸೀದಾ ಸರ್ವರಿಗೇ ವಾಯರ್ ಹಚ್ಚು ಅಂತ ಮಾವಾರು ಹೇಳ್ಯಾರ."

"ಖರೇನ ಹೇಳ್ಯಾರ್ರಿ. ಆಕಿಗೇನೂ ತಿಳಿಯೂದಿಲ್ಲ" ಎಂದಳು ಶಿವಲಿಂಗವ್ವ. "ಬರ್ರಿ, ಕುಂದ್ರಿ. ಆರೂ ತಂದೀರಿಲ್ಲ?"

"ಆರೂ ತಂದೀನ್ರಿ" ಎಂದ ಈಶ್ವರ. ಆರು ಎಂದು ಇವಳಿಗೆ ಹೇಗೆ ಗೊತ್ತಾಯಿತೆಂದು ಅವನಿಗೆ ಹೊಳೆಯಲೇ ಇಲ್ಲ. ಅವಳು ಚಹ ತರಿಸಿದಳು. ಲ್ಯಾಪ್‌ಟಾಪ್‌ಗಳನ್ನು ಒಂದೊಂದಾಗಿ ಒರೆಸಿ, ಅಭ್ಯಾಸಕ್ಕೆ ಬಂದಿದ್ದ ಹುಡುಗರ ಎದುರಿನ ಮೇಜಿನ ಮೇಲೆ ಸಾಲಾಗಿ ಇಟ್ಟಳು. ಪ್ರಾಚಾರ್ಯ ಅಮೋಘಸಿದ್ದಪ್ಪನವರು ದಿನಾ ಹನ್ನೊಂದಕ್ಕೆ ಸುತ್ತು ಹಾಕುತ್ತಿದ್ದರು. ಆಗ ಹನ್ನೊಂದಕ್ಕೆ ಐದು ನಿಮಿಷ.

ಪ್ರಾಚಾರ್ಯರು ಒಳಗೆ ಬಂದು ಹುಬ್ಬೇರಿಸಿದರು. "ಇವು ಯಾರವು?"

ಅದೇ ಹೊತ್ತಿಗೆ ಯಾರೋ ಹೇಳಿದ್ದು ಕೇಳಿ ಪಂಡಿತ ಸರ ಏದುಸಿರು ಬಿಡುತ್ತ ಬಾಗಿಲಿಗೆ ಬಂದರು. ಕೈಯಲ್ಲಿ ಚಹದ ಕಪ್ಪು ಹಿಡಿದಿದ್ದ ಈಶ್ವರ ಏನೋ ಹೇಳಲು ಬಾಯಿ ತೆರೆದ. ಶಿವಲಿಂಗವ್ವ ಮೊದಲು ಮಾತಾಡಿದಳು.

"ಪಂಡಿತ ಸರ ತರಿಸ್ಯಾರ್ರಿ. ನಮ್ಮ ಮೂರು ಮಶೀನ್ ಕೆಟ್ಟಾವಲ್ರಿ, ಪರೀಕ್ಷಾದಾಗ ಮಕ್ಕಳಿಗೆ ಕಮ್ಮಿ ಬೀಳಬಾರದಂತ ತಮ್ಮ ಮೇವಣಗ ಹೇಳಿ ವಿಜಯಪುರದಿಂದ ತರಿಸ್ಯಾರ. ಪರೀಕ್ಷಾ ಮುಗಿಯೂತನಾ ಇಲ್ಲೇ ಇರಲಿ ಅಂತ ಅಂದಾರ್ರಿ."

ಪ್ರಾಚಾರ್ಯರ ಮುಖ ಅರಳಿತು. ಅವರೇ ಮುಂದೆ ಬಂದು ಪಂಡಿತ ಸರ ಅವರ ಕೈ ಹಿಡಿದು ಕುಲುಕಿದರು. ಇಂಥ ಮಾಸ್ತರರು ಇನ್ನಿಬ್ಬರು ಇದ್ದಿದ್ದರೆ ಕಾಲೇಜು ಎಲ್ಲಿರುತ್ತಿತ್ತು ಎಂದರು. ಮಕ್ಕಳಿಗೆ ಚಪ್ಪಾಳೆ ತಟ್ಟಲು ಹೇಳಿದರು. ಎಲ್ಲರಿಗಿಂತ ಜೋರಾಗಿ ತಟ್ಟಿದವಳು ಕಾಜಲ.

"ಅದೇನ ದೊಡ್ಡದಲ್ರಿ ಸರ" ಎಂದಷ್ಟೇ ಪಂಡಿತ ಸರ ಅವರ ಬಾಯಿಂದ ಹೊರಟಿತು. ಈಶ್ವರ ಖಾಲಿ ಚೀಲ ಹೆಗಲಿಗೆ ಹಾಕಿಕೊಂಡು ಹೊರಟಾಗ ಪಂಡಿತ ಸರ ಅವನನ್ನು ಗೇಟಿನವರೆಗೆ ಕರೆದೊಯ್ದರು. ಅಲ್ಲಿ ಏನು ಮಾತಾಯಿತೋ, ಕೈಗಳು ಮಾತ್ರ ಬಹಳ ಆಡುತ್ತಿದ್ದವು.

ಶಿವಲಿಂಗವ್ವ ಸರ್ವರಿನ ಕಡತದಲ್ಲಿ ತಾನು ಬರೆದಿದ್ದ ಆ ಸಾಲನ್ನು ಅಳಿಸಿದಳು. ಪರೀಕ್ಷೆಯ ದಿನ ಲ್ಯಾಬಿನ ಇಪ್ಪತ್ತೆರಡು ಯಂತ್ರ, ಈಶ್ವರನ ಮೂರು, ಒಟ್ಟು ಇಪ್ಪತ್ತೈದು ಲೈಸೆನ್ಸೂ ಮಕ್ಕಳ ಕೈಯಲ್ಲಿದ್ದವು. ಯಾರೂ ಯಾರ ಪಕ್ಕದಲ್ಲೂ ಕುರ್ಚಿ ಎಳೆದುಕೊಳ್ಳಲಿಲ್ಲ. ಕಾಜಲ ಬರೆದ ಸೇತುವೆಯ ನಕ್ಷೆಯನ್ನು ಹೊರಗಿನಿಂದ ಬಂದ ಪರೀಕ್ಷಕರು ಎರಡು ಸಲ ತಿರುಗಿಸಿ ನೋಡಿದರು.

ವಾರದ ನಂತರ ಲ್ಯಾಪ್‌ಟಾಪ್‌ಗಳು ವಿಜಯಪುರಕ್ಕೆ ಮರಳಿದವು. ಲೈಸೆನ್ಸ್ ಹೊರಗೆ ಒಯ್ಯುವವರು ಮಾವಶಿಯ ಪುಸ್ತಕದಲ್ಲಿ ಬರೆದೇ ಒಯ್ಯಬೇಕೆಂದು ಪ್ರಾಚಾರ್ಯರು ಆದೇಶ ಹೊರಡಿಸಿದರು. ಅದನ್ನು ಸೂಚಿಸಿದವಳು ಅವಳೇ, ಆದರೆ ಸೂಚನೆ ಪಂಡಿತ ಸರ ಅವರದೆಂದು ಹೇಳಿದ್ದಳು. ಸಿದರಾಯನಿಗೆ ಮನೆಯಲ್ಲಿ ಎಲ್ಲ ಹೇಳಿದಾಗ ಅವನು ನಕ್ಕು ನಕ್ಕು ಕೆಮ್ಮು ಹತ್ತಿಸಿಕೊಂಡ.

ಪಂಡಿತ ಸರ ತಿಂಗಳುಗಟ್ಟಲೆ ಅವಳ ಜೊತೆ ಮಾತು ಬಿಟ್ಟಿದ್ದರು. ದೀಪಾವಳಿ ರಜೆಗೆ ಮುಂಚೆ ತಾವೇ ಲ್ಯಾಬಿಗೆ ಬಂದರು. "ಮಾವಶಿಯವರ, ಮನ್ಯಾಗ ಪಾಠದ ನಕಾಶಾ ತಯಾರ ಮಾಡೂದೈತ್ರಿ. ನನಗೊಂದು ಲೈಸೆನ್ಸ್ ಬೇಕಾಗಿತ್ತು" ಎಂದು, ಕೇಳುವ ಮೊದಲೇ ಪುಸ್ತಕ ಎಳೆದುಕೊಂಡು ಎಲ್ಲ ಅಂಕಣ ತುಂಬಿದರು. ಅವಳು ಏಳು ದಿನಕ್ಕೆ ಕೊಟ್ಟಳು. ಎಂಟನೆಯ ದಿನ ಅವರು ಫೋನ್ ಮಾಡಿ ಇನ್ನೆರಡು ದಿನ ಕೇಳಿದರು. ಅವಳು ಸ್ವಲ್ಪ ಯೋಚಿಸಿದಂತೆ ಮಾಡಿ ಒಂದು ದಿನ ಕೊಟ್ಟಳು.