ಕಂಬಳಿ ಗಂಜಿಯಲ್ಲಿ ಅಂಟಿದ ಕತೆಗಳು

ಹಿರೇಗುಂಟನೂರಿನಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಕುರಿಹಟ್ಟಿಯ ಮಗ್ಗುಲ ಮನೆಯ ಅಂಗಳದಲ್ಲಿ ಏಕನಾಥಮ್ಮ ಮೂರು ಕಲ್ಲಿನ ಒಲೆ ಹೊತ್ತಿಸಿ, ಗಡಿಗೆಯಲ್ಲಿ ಹುಣಸೆ ಬೀಜದ ಗಂಜಿ ತಿರುವುತ್ತಿದ್ದಾರೆ. ಹುರಿದು, ಸಿಪ್ಪೆ ಕಳೆದು, ನೆನೆಹಾಕಿ ರುಬ್ಬಿದ ಬೀಜ. ಕುದಿ ಬರುತ್ತಿದ್ದಂತೆ ಹುಳಿಯೂ ಅಲ್ಲದ ಸಿಹಿಯೂ ಅಲ್ಲದ ಒಂದು ಮಂಪರು ವಾಸನೆ ಅಂಗಳ ತುಂಬುತ್ತದೆ. ದಿನವೂ ಈ ಗಂಜಿ ಗಂಡ ಕರಿಸಿದ್ದಪ್ಪನವರು ನೇಯ್ದ ಕಂಬಳಿಗೆ. ತಿಂಗಳಿಗೊಂದು ಭಾನುವಾರ ಮಾತ್ರ ಒಂದು ಬಟ್ಟಲಷ್ಟನ್ನು ಬೇರೆ ತೆಗೆದು, ತೆಳ್ಳಗೆ ಮಾಡಿ, ಹುಳ ಹಿಡಿಯದಂತೆ ಚಿಟಿಕೆ ಮೈಲುತುತ್ತ ಬೆರೆಸಿ ಮುಚ್ಚಿಡುತ್ತಾರೆ. ಅದು ಪುಸ್ತಕಕ್ಕೆ.

ಇವತ್ತು ಅಂಥ ಭಾನುವಾರ. ಆದರೆ ಏಕನಾಥಮ್ಮನ ಕಣ್ಣು ಗಡಿಗೆಯ ಮೇಲಿಲ್ಲ, ಚಿತ್ರದುರ್ಗದ ಬಸ್ಸು ಬರುವ ದಾರಿಯ ಮೇಲಿದೆ.

"ನರ್ಸಮ್ಮ ಬತ್ತಾರೋ ಇಲ್ವೋ," ಎನ್ನುತ್ತಾರೆ, ಯಾರಿಗೆಂದಿಲ್ಲದೆ.

"ಅವರು ಬರೋದು ಆಮೇಲೆ. ಮೊದ್ಲು ಗಂಜಿ ತಳ ಹಿಡೀತೈತೆ ನೋಡು," ಎಂದು ಒಳಗಿನಿಂದ ಕರಿಸಿದ್ದಪ್ಪ ರೇಗಿಸುತ್ತಾರೆ. ಅವರಿಗೂ ಒಳಗೊಳಗೇ ಅಳುಕು.

ಈ ಮನೆಗೆ ರಿಪೇರಿಗೆ ಬರುವುದೆಲ್ಲ ಮಕ್ಕಳ ಪುಸ್ತಕಗಳು. ತರುವವರು ಮಾತ್ರ ಮೀಸೆ ಹಣ್ಣಾದವರು, ಮಕ್ಕಳ ಮದುವೆ ಮಾಡಿದವರು. ಇದಕ್ಕೆಲ್ಲ ನಾಂದಿ ಹಾಡಿದ್ದು ಹೊಸದುರ್ಗ ತಾಲ್ಲೂಕು ಬಾಗೂರಿನ ಬಸ್ ಕಂಡಕ್ಟರ್ ಅಂಜನಪ್ಪ. ಎಪ್ಪತ್ತೆರಡನೇ ಇಸವಿಯ ಚಳಿಗಾಲದಲ್ಲಿ ಕಂಬಳಿ ಕೊಳ್ಳಲು ಬಂದವರು, ಏಕನಾಥಮ್ಮ ಗಂಜಿ ಬಳಿಯುವುದನ್ನು ಕಂಡು, ಚೀಲದಿಂದ ಒಂದು ಹರಕು ಪುಸ್ತಕ ತೆಗೆದರಂತೆ. ತಾವು ಹುಡುಗನಾಗಿದ್ದಾಗ ಓದಿದ ಪುಸ್ತಕ, ಬೆನ್ನು ಬಿಟ್ಟುಹೋಗಿದೆ, ಇದನ್ನೂ ಅಂಟಿಸಲಾದೀತೇ ಎಂದು ಕೇಳಿದರಂತೆ. ಅಂಟಿತು. ಸುದ್ದಿ ಬಸ್ಸಿನ ಜೊತೆ ಹೊಳಲ್ಕೆರೆಗೆ ಹೋಯಿತು, ಹಿರಿಯೂರಿಗೂ ಹೋಯಿತು. ಹೊಳಲ್ಕೆರೆಯಿಂದ ದರ್ಜಿ ಜಂಬಣ್ಣ ಬಂದರು. ಹಿರಿಯೂರು ಕಡೆಯ ಹರಿಯಬ್ಬೆಯಿಂದ ಹೆರಿಗೆ ಮಾಡಿಸುವ ನರ್ಸ್ ದಾಕ್ಷಾಯಣಮ್ಮ ಬಂದರು.

ಗಂಜಿ ಬಳಿದ ಪುಸ್ತಕ ಚಪ್ಪಡಿ ಕಲ್ಲಿನಡಿ ಕೂತು ಒಣಗಲು ಹೊತ್ತು ಇಳಿಯಬೇಕು. ವಾಪಸ್ಸು ಬಸ್ಸೂ ಸಂಜೆಗೇ. ಬಂದವರು ಮತ್ತೇನು ಮಾಡಿಯಾರು? ಬೇವಿನ ನೆರಳಲ್ಲಿ ಕಂಬಳಿ ಹಾಸಿ ಕೂತರು. ಒಬ್ಬರು ತಮ್ಮ ಪುಸ್ತಕ ತೆರೆದರೆ ಇನ್ನೊಬ್ಬರು "ಅಯ್ಯೋ, ಇದು ನಮ್ಮ ಶಾಲೇಲೂ ಇತ್ತು" ಎಂದರು. ಹಾಗೆ ಹುಟ್ಟಿದ ಕೂಟ ಇದು. ಇಲ್ಲಿ ಕೂತಾಗ ಕಂಡಕ್ಟರ್ ಕಂಡಕ್ಟರ್ ಅಲ್ಲ, ದರ್ಜಿ ದರ್ಜಿಯಲ್ಲ. ಕತೆಯ ನರಿ ಮಾಡಿದ್ದು ಮೋಸವೋ ಅಲ್ಲವೋ ಎಂದು ಮಧ್ಯಾಹ್ನವಿಡೀ ಜಗಳ ಆಡುತ್ತಾರೆ, ರೊಟ್ಟಿ ಹಂಚಿಕೊಂಡು ರಾಜಿಯಾಗುತ್ತಾರೆ.

ಏಕನಾಥಮ್ಮನಿಗೆ ಓದು ಬಾರದು. ಹುಡುಗಿಯಾಗಿದ್ದಾಗ ಕುರಿಯ ಹಿಂದೆ ಊರೂರು ಅಲೆದದ್ದೇ ಆಯಿತು, ಶಾಲೆಯ ಮೆಟ್ಟಿಲು ಹತ್ತಲಿಲ್ಲ. ಬಿಸಿ ಗಂಜಿಯಲ್ಲಿ ಆಡಿ ಆಡಿ ಬೆರಳ ತುದಿಗಳು ಒಡೆದಿವೆ, ಚಳಿ ಬಂದರೆ ಸೀಳಿ ರಕ್ತ ಒಸರುತ್ತದೆ. ಪುಸ್ತಕ ಅಂಟಿಸಿದ್ದಕ್ಕೆ ಅವರು ಕೇಳುವುದು ಒಂದೇ: ಪುಸ್ತಕ ತಂದವರು ಅದನ್ನು ಗಟ್ಟಿಯಾಗಿ ಓದಿ ಹೇಳಬೇಕು.

"ಕೈ ಕೆಲಸ ಮಾಡ್ತಿದ್ರೆ ಕಿವಿ ಖಾಲಿ ಇರ್ತಾವಲ್ರಿ," ಎಂದು ನಗುತ್ತಾರೆ. "ಸಣ್ಣೋಳಿದ್ದಾಗ ನಂಗ್ಯಾರೂ ಇಂಥ ಕತೆ ಹೇಳ್ಲಿಲ್ಲ. ಈಗ ಕೂದಲು ನೆರೆತ ಮ್ಯಾಲೆ ಕೇಳ್ತಾ ಇವ್ನಿ. ಕನಸಿನಾಗೂ ಅವೇ ಬತ್ತಾವೆ."

ಹೋದ ತಿಂಗಳು ಎಡವಟ್ಟಾದದ್ದು ದಾಕ್ಷಾಯಣಮ್ಮನ ಪುಸ್ತಕದಲ್ಲಿ. ರಕ್ಷಾಪುಟ ಹೋಗಿ ಹೆಸರೇ ಅಳಿದ ಪುಸ್ತಕ. ಒಂದೊಂದು ಹಾಳೆಗೆ ಒಂದು ಚಿತ್ರ, ಕೆಳಗೆ ಎರಡು ಸಾಲು. ಒಬ್ಬ ಹುಡುಗಿ ಮತ್ತು ಅವಳ ಬಿಳಿ ಕುರಿಯ ಕತೆ. ಹಾಳೆಗಳೆಲ್ಲ ಬಿಡಿಬಿಡಿಯಾಗಿ, ಅಂಕಿ ಇದ್ದ ಮೂಲೆಗಳನ್ನು ಗೆದ್ದಲು ತಿಂದಿತ್ತು. ಯಾವಾಗಲೂ ಅಂಜನಪ್ಪನೋ ಜಂಬಣ್ಣನೋ ಹಾಳೆ ಜೋಡಿಸಿಕೊಡುತ್ತಿದ್ದರು. ಈ ಸಲ ಹಾಳೆಗಳ ಗಂಟು ಬಸ್ಸಿನಲ್ಲಿ ವಾರದ ನಡುವೆಯೇ ಬಂತು. ಭಾನುವಾರ ನರ್ಸಮ್ಮ ಬರುವಷ್ಟರಲ್ಲಿ ಮುಗಿಸಿ ಬೆರಗುಗೊಳಿಸೋಣವೆಂದು ಏಕನಾಥಮ್ಮ ಚಿತ್ರ ನೋಡಿಯೇ ಜೋಡಿಸಿ ಅಂಟಿಸಿಬಿಟ್ಟರು.

"ಒಂದ್ರಾಗೆ ಕುರಿ ಉಣ್ಣೆ ಕತ್ತರಿಸ್ತಾರೆ. ಆ ಉಣ್ಣೇಲಿ ಅಜ್ಜಿ ನೇಯ್ದ ಕಂಬಳಿ ಹೊದ್ದು ಹುಡುಗಿ ಮಲಗ್ತಾಳೆ. ಇನ್ನೊಂದ್ರಾಗೆ ಅದೇ ಕುರಿ ಗಾಡ್ಯಾಗೆ ನಿಂತೈತೆ, ಮೈತುಂಬ ಉಣ್ಣೆ. ಉಣ್ಣೆ ಇದ್ಮ್ಯಾಲೆ ಅದು ಕತ್ತರಿಸೋಕೆ ಮುಂಚೇನೇ ಅಲ್ವೇನ್ರಿ? ಅದ್ಕೇ ಗಾಡಿ ಹಾಳೇನ ಮುಂದೆ ಹಾಕ್ದೆ."

ಕುರಿ ಸಾಕಿದವರ ಲೆಕ್ಕ. ಬರೆದವರ ಲೆಕ್ಕ ಬೇರೆ ಇತ್ತು. ಗಾಡಿಯ ಹಾಳೆಯೇ ಕತೆಯ ಕೊನೆ. ಉಣ್ಣೆ ಮತ್ತೆ ಬೆಳೆದ ಕುರಿಯನ್ನು ಸಂತೆಗೆ ಮಾರಲು ಒಯ್ಯುತ್ತಾರೆ, ಹುಡುಗಿ ದಾರಿಯಲ್ಲಿ ನಿಂತು ನೋಡುತ್ತಾಳೆ. ಅಂದು ನರ್ಸಮ್ಮನ ಪರವಾಗಿ ಓದುತ್ತಿದ್ದ ಜಂಬಣ್ಣ ಗಾಡಿಯ ಹಾಳೆಗೆ ಬಂದು, "ಇನ್ನೂ ಹಾಳೆ ಉಳಿದಾವಲ್ಲ?" ಎಂದು ತಡೆದು ನಿಂತರು. ಬಿಡಿಸಲು ಆಗುತ್ತದೆಯೇ ಎಂದು ಅಂಜನಪ್ಪ ಒದ್ದೆ ಬೆರಳು ತಾಗಿಸಿದರು. ಅಂಚು ಹಪ್ಪಳದಂತೆ ಮುರಿದು ಬಂತು. ನೆನೆಸಿದರೆ ಪುಸ್ತಕವೇ ಉಳಿಯುವುದಿಲ್ಲ. ದಾಕ್ಷಾಯಣಮ್ಮ ಎದ್ದು, ಪುಸ್ತಕವನ್ನು ಕಂಬಳಿಯ ಮೇಲೆಯೇ ಬಿಟ್ಟು ಬಸ್ಸಿಗೆ ನಡೆದರು.

ಅವತ್ತಿನಿಂದ ಏಕನಾಥಮ್ಮ ಆ ಪುಸ್ತಕವನ್ನು ಹೊಸ ಕಂಬಳಿಯೊಳಗೆ ಸುತ್ತಿಟ್ಟಿದ್ದಾರೆ. ಊಟ ಸೇರುತ್ತಿಲ್ಲ. "ಇನ್ನು ಯಾರ ಪುಸ್ತಕಾನೂ ಮುಟ್ಟಾಕಿಲ್ಲ, ನರ್ಸಮ್ಮ ಬ್ಯಾಡ ಅಂದ್ರೆ," ಎಂದು ಗಂಡನ ಮುಂದೆ ಹೇಳಿದ್ದಾರೆ.

ಬಿಸಿಲು ಬೇವಿನ ಬುಡಕ್ಕೆ ಬರುವ ಹೊತ್ತಿಗೆ ಅಂಜನಪ್ಪ, ಜಂಬಣ್ಣ ಬರುತ್ತಾರೆ. ಅವರ ಹಿಂದೆ ಸ್ವಲ್ಪ ದೂರದಲ್ಲಿ ಬಿಳಿ ಸೀರೆ ಕಾಣುತ್ತದೆ. ಏಕನಾಥಮ್ಮ ಕುಂಚವನ್ನು ಬಟ್ಟಲಿಗೆ ಹಾಕಿ ಏಳುತ್ತಾರೆ.

"ಬರ್ರಿ ತಾಯಿ, ಕುಂತ್ಕಳ್ರಿ. ನನ್ನಿಂದ ತಪ್ಪಾತು."

ದಾಕ್ಷಾಯಣಮ್ಮ ಕೂರುತ್ತಾರೆ. ಏಕನಾಥಮ್ಮ ತಂದಿಟ್ಟ ಕಂಬಳಿಯ ಸುರುಳಿ ಬಿಚ್ಚಿ ಪುಸ್ತಕವನ್ನು ಜಂಬಣ್ಣನ ಮುಂದಿಡುತ್ತಾರೆ. "ಅವತ್ತು ಅರ್ಧಕ್ಕೆ ನಿಂತಿತ್ತು. ಓದ್ರಿ."

"ಹೆಂಗೆ ಓದ್ಲಿ ನರ್ಸಮ್ಮ? ಬರೆದೋರು ಬರೆದಂಗೆ ಇರ್ಬೇಕಲ್ವಾ ಕತೆ?" ಎಂದು ಜಂಬಣ್ಣ ತಕರಾರು ತೆಗೆಯುತ್ತಾರೆ.

"ಕಟ್ಟಿದಂಗೆ ಓದ್ರಿ."

ಜಂಬಣ್ಣ ಓದುತ್ತಾರೆ. ಕುರಿಮರಿ ಹುಟ್ಟುತ್ತದೆ, ಬಂಡೆಯಿಂದ ಬಂಡೆಗೆ ನೆಗೆಯುತ್ತದೆ, ಮಳೆಯಲ್ಲಿ ಕಳೆದುಹೋಗಿ ಸಿಗುತ್ತದೆ. ಗಾಡಿಯ ಹಾಳೆ ಬರುತ್ತದೆ. 'ಗಾಡಿ ಸಂತೆಯ ದಾರಿ ಹಿಡಿಯಿತು. ಹುಡುಗಿ ನೋಡುತ್ತ ನಿಂತಳು.' ಜಂಬಣ್ಣ ಹಾಳೆ ತಿರುವುತ್ತಾರೆ. 'ಬೆಳಗಾಯಿತು. ಅಂಗಳದಲ್ಲಿ ಬಿಳಿ ಕುರಿ ಮ್ಯಾ ಎಂದಿತು.'

ಅಷ್ಟು ಹೊತ್ತಿಗೆ ಹಟ್ಟಿಯಲ್ಲಿ ನಿಜವಾಗಿಯೂ ಒಂದು ಕುರಿ ಕೂಗುತ್ತದೆ. ಯಾರೂ ನಗುವುದಿಲ್ಲ. ಕತ್ತರಿ ಬರುತ್ತದೆ, ಅಜ್ಜಿಯ ಮಗ್ಗ ಬರುತ್ತದೆ. ಕಡೆಯ ಹಾಳೆಯಲ್ಲಿ ಹುಡುಗಿ ಕಂಬಳಿ ಹೊದ್ದು ಮಲಗಿದ್ದಾಳೆ, ಕಾಲ ಬಳಿ ಕುರಿಯೂ ಮಲಗಿದೆ.

ದಾಕ್ಷಾಯಣಮ್ಮನ ಕಣ್ಣಿಂದ ನೀರು ಇಳಿಯುತ್ತಿದೆ. ಒರೆಸಿಕೊಳ್ಳುವ ಗೋಜಿಗೆ ಅವರು ಹೋಗುವುದಿಲ್ಲ. "ಇದನ್ನ ನಮ್ಮಕ್ಕ ನಂಗೆ ಓದಿ ಹೇಳ್ತಿದ್ಲು. ಗಾಡಿ ಬಂತು ಅಂದ್ರೆ ಇಬ್ರೂ ಅಳ್ತಿದ್ವಿ. ಆಮೇಲೆ ಅವಳನ್ನೂ ಗಾಡಿ ಹತ್ತಿಸಿ ಗಂಡನ ಮನೆಗೆ ಕಳಿಸಿದ್ರು. ಮೊದಲ ಹೆರಿಗೇಲೇ ಹೋಗ್ಬಿಟ್ಲು. ಅದಕ್ಕೇ ನಾನು ಈ ಕೆಲಸ ಹಿಡಿದದ್ದು." ಏಕನಾಥಮ್ಮನ ಒಡೆದ ಬೆರಳುಗಳನ್ನು ಹಿಡಿದುಕೊಳ್ಳುತ್ತಾರೆ. "ಬಿಚ್ಚಬ್ಯಾಡ್ರಮ್ಮ. ಹಿಂಗೇ ಇರ್ಲಿ."

ಜಂಬಣ್ಣ ಪುಸ್ತಕ ಮುಚ್ಚಿ ದಾಕ್ಷಾಯಣಮ್ಮನ ಮುಂದಿಡುತ್ತಾರೆ.

ಸಂಜೆ ಬಸ್ಸು ಹೋದ ಮೇಲೆ ಏಕನಾಥಮ್ಮ ಗಡಿಗೆ ತೊಳೆಯಲು ಕೂರುತ್ತಾರೆ. ಅಂಜನಪ್ಪ ಟಿಕೆಟ್ ಪುಸ್ತಕ ತೋರಿಸಿ ಅಂಕಿ ಕಲಿಸುತ್ತೇನೆಂದು ಮಾತು ಕೊಟ್ಟಿದ್ದಾರೆ. ಕಲಿಯುತ್ತಾರಂತೆ, ಇನ್ನೊಬ್ಬರ ಹಾಳೆ ಹಿಂದುಮುಂದಾಗಬಾರದಲ್ಲ. ಆ ತಪ್ಪಿನ ಬೇಸರ ಇನ್ನೂ ಉಳಿದಿದೆಯೇ ಎಂದು ಕೇಳಿದರೆ, ಕೈ ನಿಲ್ಲಿಸಿ ಹಟ್ಟಿಯ ಕಡೆ ನೋಡುತ್ತಾರೆ.

"ನಮ್ಮ ಹಟ್ಟಿಯಿಂದ ಎಷ್ಟೋ ಕುರಿ ಗಾಡಿ ಹತ್ತಿ ಹೋಗ್ಯಾವೆ ಕಣ್ರಿ. ನಾನೇ ಕೈಯಾರೆ ಸಾಕಿದ್ವು. ನನ್ನ ಕೈಯಿಂದ ಒಂದಾದ್ರೂ ತಿರುಗಿ ಬಂತಲ್ಲ."