ಗೇಟಿನ ಆಚೆ ಬಿದ್ದ ಒನಕೆ

ತುಮಕೂರಿನ ನಮ್ಮ ಬೀದಿಯಲ್ಲಿ ಬೇಡವಾದ ಸಾಮಾನನ್ನು ಸಂಜೆಯೇ ಗೇಟಿನ ಆಚೆ ಇಡುತ್ತಾರೆ. ಕಸದ ಗಾಡಿ ಬರುವುದು ಬೆಳಿಗ್ಗೆ. ಅಷ್ಟರೊಳಗೆ ಯಾರು ಏನನ್ನು ಬೇಕಾದರೂ ಎತ್ತಿಕೊಳ್ಳಬಹುದು. ಎತ್ತಿಕೊಂಡದ್ದನ್ನು ವಾಪಸು ಕೇಳುವಂತಿಲ್ಲ.

ಹೆಚ್ಚು ಎತ್ತಿಕೊಳ್ಳುವವರು ಮೂಲೆ ಮನೆಯ ಅಜ್ಜಿ. ಗುಬ್ಬಿ ಕಡೆಯವರು. ಅವರ ಕೈಗೆ ಬಂದರೆ ಕಾಲು ಮುರಿದ ಸ್ಟೂಲು ನೆಟ್ಟಗೆ ನಿಲ್ಲುತ್ತದೆ, ತೂತು ಬಕೆಟ್ಟಿನಲ್ಲಿ ಕರಿಬೇವು ಚಿಗುರುತ್ತದೆ.

"ಏನಜ್ಜಿ, ಗುಜರಿ ಅಂಗ್ಡಿ ಯಾವಾಗ ಓಪನ್ನು?" ಎಂದು ಎದುರು ಮನೆಯಲ್ಲಿರುವ ನನ್ನ ಅಕ್ಕ ರೇಗಿಸುತ್ತಿದ್ದಳು.

"ನೀವು ಎಸೆಯೋದು ನಿಲ್ಸಿ, ನಾನೂ ಬಾಗ್ಲು ಹಾಕ್ತೀನಿ ಬುಡವ್ವ" ಎನ್ನುತ್ತಿದ್ದರು ಅಜ್ಜಿ.

ಕಳೆದ ವರ್ಷ ಅಕ್ಕನ ಮಗಳ ಮದುವೆ ಗೊತ್ತಾಯಿತು. ಮನೆಗೆ ಬಣ್ಣ ಹೊಡೆಸಬೇಕಲ್ಲ, ಅದಕ್ಕಾಗಿ ಅಕ್ಕ, ಭಾವ ಸೇರಿ ಅಟ್ಟ ಖಾಲಿ ಮಾಡಿದರು. ರಾಶಿ ಗೇಟಿನೆತ್ತರ ಬೆಳೆಯಿತು. ಬೆಳಗಾಗುವಷ್ಟರಲ್ಲಿ ಅರ್ಧ ಕರಗಿತ್ತು.

ಒನಕೆ ಶಾಸ್ತ್ರದ ಹಿಂದಿನ ದಿನ ಕುಣಿಗಲ್‌ನಿಂದ ಅಕ್ಕನ ಅತ್ತೆ ಬಂದರು. ಮುತ್ತೈದೆಯರು ಒನಕೆ ಹಿಡಿದು ಅರಿಶಿನ ಕುಟ್ಟಿದ ಮೇಲೆಯೇ ನಮ್ಮಲ್ಲಿ ಮದುವೆಯ ಉಳಿದ ಕೆಲಸ. ಅತ್ತೆ ಚೀಲ ಇಳಿಸುವ ಮೊದಲೇ ಕೇಳಿದರು, "ಒನ್ಕೆ ತೊಳ್ದಿಟ್ಟಿದೀಯೇನಮ್ಮ?"

ಅಕ್ಕ ಭಾವನ ಮುಖ ನೋಡಿದಳು. ಭಾವ ಹೊಸ ಬಣ್ಣದ ಗೋಡೆ ನೋಡಿದರು.

"ಚೆನ್ನಾಗದೆ ಕಣಪ್ಪ! ಮದ್ವೆಗೆ ಅಂತ ಮನೆ ಕ್ಲೀನ್ ಮಾಡಿ, ಮದ್ವೆ ಒನ್ಕೇನೇ ಎಸ್ದವ್ರೆ" ಎಂದರು ಅತ್ತೆ.

"ಹೊಸ್ದು ತಂದ್ರಾಯ್ತು ಬಿಡಮ್ಮ" ಎಂದರು ಭಾವ.

"ಸುಮ್ನಿರಿ. ನಮ್ಮಮ್ಮನ ಮದ್ವೆಗೂ ಅದೇ, ನನ್ನ ಮದ್ವೆಗೂ ಅದೇ. ಇವಳಿಗೆ ಬೇರೆದಾ?" ಎಂದಳು ಅಕ್ಕ. ನಮ್ಮ ಅಮ್ಮ ತೀರಿಹೋಗಿದ್ದಾಳೆ. ಅವಳು ಕೈಯಲ್ಲಿ ಹಿಡಿದಿದ್ದ ವಸ್ತು ಆ ಮನೆಯಲ್ಲಿ ಅದೊಂದೇ ಇತ್ತು.

ಅಜ್ಜಿಯ ಮನೆಗೆ ಅಕ್ಕನ ಜೊತೆ ನಾನೂ ಹೋದೆ. ಬೀದಿಯ ನಿಯಮ ಗೊತ್ತಿದ್ದರಿಂದ ಅವಳು ಹೊಸಿಲ ಆಚೆಯೇ ನಿಂತಳು. ಒಳಗೆ ಮೂಲೆಯಲ್ಲಿ ಒನಕೆ ನೆಟ್ಟಗೆ ನಿಂತಿತ್ತು. ಮರಕ್ಕೆ ಎಣ್ಣೆ ಹಚ್ಚಿತ್ತು, ತುದಿಯ ಕಬ್ಬಿಣದ ಬಳೆಯ ತುಕ್ಕು ತೆಗೆದಿತ್ತು.

"ಬೀದೀಲಿ ಅಡ್ಡ ಬಿದ್ದಿತ್ತು. ಹೋಗೋರು ಬರೋರೆಲ್ಲ ದಾಟ್ತಿದ್ರು. ಒನ್ಕೆ ದಾಟಬಾರ್ದು ಕಣವ್ವ, ಅದ್ಕೇ ತಂದೆ" ಎಂದರು ಅಜ್ಜಿ.

"ವಾಪಸ್ ಕೊಡ್ತೀರಾ ಅಜ್ಜಿ?"

"ಕೊಡಲ್ಲ."

ಅಕ್ಕ ತಲೆ ತಗ್ಗಿಸಿದಳು. ಅಜ್ಜಿ ಒನಕೆಯನ್ನು ಸೆರಗಿನಿಂದ ಒರೆಸಿ ಅವಳ ಕೈಗಿಟ್ಟರು. "ಶಾಸ್ತ್ರಕ್ಕೆ ತಗೊಂಡೋಗು. ಮುಗಿದ್ಮೇಲೆ ತಂದು ಇಲ್ಲೇ ನಿಲ್ಸು. ನಿಮ್ಮನೇಲಿದ್ರೆ ಮುಂದಿನ್ ಪೇಂಟಿಗೆ ಮತ್ತೆ ಬೀದಿಗೆ ಬತ್ತದೆ."

ಮರುದಿನ ಅರಿಶಿನ ಕುಟ್ಟುವಾಗ ಅಕ್ಕ ಅಳುತ್ತಲೇ ನಗುತ್ತಿದ್ದಳು. ಮದುವೆ ಮುಗಿದ ಮೇಲೆ ಒನಕೆಯನ್ನು ತಾನೇ ಹೊತ್ತು ಮೂಲೆ ಮನೆಗೆ ಮುಟ್ಟಿಸಿದಳು. ಈಗ ಬೀದಿಯಲ್ಲಿ ಯಾರ ಮನೆಯಲ್ಲಿ ಮದುವೆಯಾದರೂ ಅಲ್ಲಿಂದಲೇ ಅದು ಹೋಗಿಬರುತ್ತದೆ. ಅಕ್ಕ ಯಾವ ಹಳೆಯ ಸಾಮಾನನ್ನೂ ಮೊದಲು ಅಜ್ಜಿಗೆ ತೋರಿಸದೆ ಗೇಟಿನ ಆಚೆ ಇಡುವುದಿಲ್ಲ.