ಬಾಗಿಲು ಮುಚ್ಚುವ ಸರ್

ಬಾಗಲಕೋಟೆಯ ಕಾಲೇಜಿನಲ್ಲಿ ನಮಗೆ ಪ್ರಾಣಿಶಾಸ್ತ್ರ ಕಲಿಸುತ್ತಿದ್ದ ಸರ್ ಇಳಕಲ್ಲಿನಿಂದ ಬಸ್ಸಿಗೆ ಬರುತ್ತಿದ್ದರು. ತರಗತಿಯ ಬಾಗಿಲು ಮುಚ್ಚಿ, ಎರಡು ಸಲ ತಳ್ಳಿ ನೋಡಿದ ಮೇಲೆಯೇ ಪಾಠ. ಮೆದುಳಿನಲ್ಲಿ ನೆನಪು ಕಟ್ಟುವ ಭಾಗವಾದ ಹಿಪೊಕ್ಯಾಂಪಸ್ಸಿನ ನರಕೋಶಕ್ಕೂ ಅವರು ಬೋರ್ಡಿನ ಮೇಲೆ ಬಾಗಿಲನ್ನೇ ಬರೆಯುತ್ತಿದ್ದರು. ಪಕ್ಕದ ಕೋಶದಿಂದ ಗ್ಲುಟಮೇಟ್ ಎಂಬ ರಾಸಾಯನಿಕ ಬಂದು ತಟ್ಟಿದರೆ ಅದು ತೆರೆಯುತ್ತದೆ, ಕ್ಯಾಲ್ಸಿಯಂ ಒಳಗೆ ನುಗ್ಗುತ್ತದೆ, ಕೋಶ ಕೆರಳುತ್ತದೆ. ಮುಚ್ಚುವುದು ತಡವಾದರೆ ಅಕ್ಕಪಕ್ಕದ ಕೋಶಗಳೂ ಒಟ್ಟಿಗೇ ಕೆರಳಿ ಫಿಟ್ಸ್ ಬರಬಹುದು.

"ಬಾಗ್ಲಾ ತಗಿಯೂದು ದೊಡ್ಡದಲ್ರಪಾ, ಮುಚ್ಚೂದು ದೊಡ್ಡದು," ಎನ್ನುತ್ತಿದ್ದರು.

ಒಂದು ದಿನ ಆ ಬಾಗಿಲು ಬರೆಯುತ್ತಿದ್ದಾಗಲೇ ಅವರ ಚಾಕ್‌ಪೀಸ್ ನಿಂತಿತು. ಕಣ್ಣುಗಳು ತೆರೆದೇ ಇದ್ದವು. ಬೆರಳುಗಳು ಅಂಗಿಯ ಗುಂಡಿಯನ್ನು ತಿಕ್ಕುತ್ತಿದ್ದವು. ಕರೆದರೆ ಓಗೊಡಲಿಲ್ಲ. ಫಿಟ್ಸ್ ಹೀಗೂ ಬರುತ್ತದೆ ಎಂದು ಅವರೇ ಕಲಿಸಿದ್ದರು. ಪರೀಕ್ಷೆಯಲ್ಲಿ ಅದನ್ನು ಬರೆದು ಪೂರ್ತಿ ಅಂಕ ಪಡೆದವನು ನಾನು. ಆದರೂ ಓಡಿಹೋಗಿ ಬೈಕಿನ ಕೀಲಿಯನ್ನು ಅವರ ಮುಷ್ಟಿಗೆ ತುರುಕಿದೆ. ಫಿಟ್ಸ್ ಬಂದವರ ಕೈಗೆ ಕಬ್ಬಿಣ ಕೊಡಬೇಕೆಂದು ನಮ್ಮ ಅಜ್ಜಿ ಹೇಳುತ್ತಿದ್ದಳು.

ಎಚ್ಚರವಾದಾಗ ಅವರು ಕೀಲಿಯನ್ನು ಹೊರಳಿಸಿ ನೋಡಿದರು.

"ಎಷ್ಟ ಹೊತ್ತಾತು?"

ಯಾರೂ ಗಡಿಯಾರ ನೋಡಿರಲಿಲ್ಲ.

"ಕೀಲಿ ಬ್ಯಾಡ, ನಿಮಿಷ ಎಣಸ್ರಿ. ಐದು ದಾಟಿದ್ರ ದವಾಖಾನಿಗೆ ಒಯ್ರಿ," ಎಂದು ಮತ್ತೆ ಬೋರ್ಡಿಗೆ ತಿರುಗಿ, ಅರ್ಧ ಉಳಿದಿದ್ದ ಬಾಗಿಲನ್ನು ಮುಗಿಸಿದರು.

ಅಂದಿನಿಂದ ಅವರು ಮಾತು ನಿಲ್ಲಿಸಿದರೆ ಸಾಕು, ಇಡೀ ತರಗತಿ ಗಡಿಯಾರ ನೋಡುತ್ತಿತ್ತು.

"ನೀರ ಕುಡ್ಯಾಕತ್ತೀನ್ರಪಾ," ಎಂದು ಅವರು ನಗುತ್ತಿದ್ದರು.

ಅವರು ಲೋಟ ಕೆಳಗಿಡುವವರೆಗೂ ನಾವು ಎಣಿಸುತ್ತಲೇ ಇರುತ್ತಿದ್ದೆವು.